ಸೋರಿದ್ದು ಎಡಮೂಲೆ, ಎದ್ದು ನಿಂತದ್ದು ಬಲಮೂಲೆ: ಮನೆಯಂಗಳದಲ್ಲಿ ಒಂದು ಸನ್‌ರೂಫ್ ದುರಸ್ತಿ

ಏಳು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಕಾರು. ಛಾವಣಿಯಲ್ಲಿ ಮೋಟರಿನಿಂದ ಸರಿಯುವ ಒಂದೇ ಗಾಜಿನ ಸನ್‌ರೂಫ್. ಗುಂಡಿ ಒಮ್ಮೆ ಒತ್ತಿದರೆ ಗಾಜಿನ ಹಿಂಬದಿ ಮೇಲೇಳಬೇಕು, ಇನ್ನೊಮ್ಮೆ ಒತ್ತಿದರೆ ಇಡೀ ಗಾಜು ಹಿಂದಕ್ಕೆ ಸರಿಯಬೇಕು. ಮಾಲೀಕರು ತೀರ್ಥಹಳ್ಳಿ ಸಮೀಪದ ಅಡಿಕೆ ಬೆಳೆಗಾರರು, ನನಗೆ ಅಕ್ಕನ ಗಂಡ. ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಕೊಂಡು ತಂದಿದ್ದರು. ಏಪ್ರಿಲ್ ಕೊನೆಗೆ ಭರಣಿ ಮಳೆ ಸುರಿದ ಮರುದಿನ ಅವರು ಹೇಳಿದ ದೂರುಗಳು ಇವು: ಮುಂದಿನ ಗಾಜಿನ ಎಡಪಕ್ಕದ ಕಂಬದಗುಂಟ ನೀರು ಇಳಿಯುತ್ತಿದೆ, ಒಳದೀಪದಿಂದಲೂ ಹನಿಯುತ್ತಿದೆ, ಕಾಲಡಿಯ ಕಾರ್ಪೆಟ್ ತೊಯ್ದು ಮುಗ್ಗಲು ವಾಸನೆ ಹಿಡಿದಿದೆ. ಗಾಜು ಮುಚ್ಚಿದಾಗ ಅದರ ಬಲಗಡೆಯ ಹಿಂದಿನ ಮೂಲೆ ಛಾವಣಿಯ ಮಟ್ಟದಿಂದ ಮೇಲೆದ್ದು ನಿಲ್ಲುತ್ತದೆ. ವೇಗ ಎಪ್ಪತ್ತು ದಾಟಿದರೆ ಸಿಳ್ಳೆ ಶುರು. ಸಾಲದ್ದಕ್ಕೆ, ಕೆಲವು ಸಲ ಪೂರ್ತಿ ಮುಚ್ಚಿಕೊಂಡ ಗಾಜು ಯಾರೂ ಮುಟ್ಟದೆಯೇ ಮತ್ತೆ ತೆರೆದುಕೊಳ್ಳುತ್ತದೆ.

ನನ್ನ ಬಳಿ ಬರುವ ಮುನ್ನ ಅವರು ಎರಡು ಕಡೆ ವಿಚಾರಿಸಿದ್ದರು. ಒಂದು ಕಡೆ ಚೌಕಟ್ಟು, ಹಳಿ, ಮೋಟರು ಎಲ್ಲ ಸೇರಿದ ಇಡೀ ಜೋಡಣೆಯನ್ನೇ ಬದಲಿಸಬೇಕು ಎಂದು ಹೇಳಿ, ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಬೈಕಿನ ಬೆಲೆ ಕೇಳಿದರು. ಇನ್ನೊಂದು ಕಡೆ ಗಾಜಿನ ಸುತ್ತಲಿನ ರಬ್ಬರು ಹೋಗಿದೆ, ಸುತ್ತಲೂ ಸಿಲಿಕೋನ್ ಬಳಿದರೆ ಆಯಿತು ಎಂದರು. ಎರಡನೆಯದು ಅಗ್ಗ, ಅರ್ಧ ಗಂಟೆಯ ಕೆಲಸ, ಭಾವ ಒಪ್ಪುವುದರಲ್ಲಿದ್ದರು. ನಾನು ಕಾರಿನ ಮೆಕ್ಯಾನಿಕ್ ಅಲ್ಲ, ಯಂತ್ರಗಳ ದುರಸ್ತಿ ನನ್ನ ಹೊಟ್ಟೆಪಾಡು. ಆದರೂ ಬೇಡವೆಂದು ತಡೆದೆ. ಒಂದು ಮೂಲೆ ಎದ್ದು ನಿಂತಿದೆ ಎಂದರೆ ಅದು ರಬ್ಬರಿನ ತೊಂದರೆಯಲ್ಲ. ಎದ್ದಿರುವುದು ಬಲಗಡೆ ಹಿಂದೆ, ಸೋರುತ್ತಿರುವುದು ಎಡಗಡೆ ಮುಂದೆ. ಈ ಎರಡನ್ನೂ ಒಂದೇ ಕಥೆಯೊಳಗೆ ತರುವವರೆಗೆ ಯಾವುದನ್ನೂ ಬಳಿಯುವುದರಲ್ಲಿ ಅರ್ಥವಿರಲಿಲ್ಲ.

ನೀರಿನ ಜಾಡು

ಸನ್‌ರೂಫ್ ಎಂದರೆ ಹನಿ ನೀರೂ ನುಸುಳದ ಬಿಗಿ ಮುಚ್ಚಳ ಎಂದು ತಿಳಿದವರೇ ಹೆಚ್ಚು. ಅದು ಹಾಗಿಲ್ಲ. ಗಾಜಿನ ಅಂಚಿಗಿರುವ ರಬ್ಬರು ನೀರಿನ ಬಹುಪಾಲನ್ನು ತಡೆಯುತ್ತದೆ, ಅಷ್ಟೇ. ಉಳಿದದ್ದು ಒಳಗೆ ಇಳಿದೇ ಇಳಿಯುತ್ತದೆ, ಇಳಿಯಲಿ ಎಂದೇ ಕಂಪನಿಯವರು ಬಿಟ್ಟಿರುತ್ತಾರೆ. ಗಾಜಿನ ಕೆಳಗೆ ನಾಲ್ಕೂ ಸುತ್ತ ಒಂದು ಕಾಲುವೆ ಇರುತ್ತದೆ. ಅದರ ನಾಲ್ಕು ಮೂಲೆಗಳಲ್ಲಿ ನಾಲ್ಕು ತೂತು, ಪ್ರತಿ ತೂತಿಗೆ ಕಿರುಬೆರಳು ಗಾತ್ರದ ಒಂದು ಕೊಳವೆ. ಮುಂದಿನ ಎರಡು ಕೊಳವೆಗಳು ಮುಂಗಾಜಿನ ಪಕ್ಕದ ಕಂಬಗಳ ಒಳಗಿನಿಂದ ಇಳಿದು ಮುಂಬಾಗಿಲಿನ ಕೀಲಿನ ಆಸುಪಾಸಿನಲ್ಲೋ ಚಕ್ರದ ಮರೆಯಲ್ಲೋ ಹೊರಬರುತ್ತವೆ. ಹಿಂದಿನ ಎರಡು ಹಿಂಬದಿಯ ಕಂಬಗಳಲ್ಲಿ ಇಳಿದು ಬಂಪರಿನ ಹಿಂದೆ ನೀರು ಬಿಡುತ್ತವೆ. ಹಾಗಾಗಿ ಕಾರಿನೊಳಗೆ ನೀರು ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ ‘ನೀರು ಎಲ್ಲಿಂದ ಬಂತು’ ಎಂಬುದಲ್ಲ. ‘ಬಂದ ನೀರು ಯಾಕೆ ಹೋಗಲಿಲ್ಲ’ ಎಂಬುದು.

ಪರೀಕ್ಷೆ ಸುಲಭ. ಗಾಜನ್ನು ಹಿಂದಕ್ಕೆ ಸರಿಸಿ ಒಂದೊಂದು ಮೂಲೆಗೂ ನಿಧಾನವಾಗಿ ಅರ್ಧ ಚೊಂಬು ನೀರು ಹೊಯ್ಯುವುದು, ಇನ್ನೊಬ್ಬರು ಕೆಳಗೆ ಬಗ್ಗಿ ನೋಡುವುದು. ಮುಂದಿನ ಬಲಮೂಲೆಗೆ ಹೊಯ್ದ ನೀರು ಎಣಿಸುವುದರೊಳಗೆ ಚಕ್ರದ ಹಿಂದೆ ಸುರಿಯಿತು. ಹಿಂದಿನ ಎರಡೂ ಪರವಾಗಿಲ್ಲ. ಮುಂದಿನ ಎಡಮೂಲೆಯಲ್ಲಿ ನೀರು ಅಲುಗಾಡದೆ ನಿಂತಿತು. ಸ್ವಲ್ಪ ಹೊತ್ತಿಗೆ ಅದರೊಳಗಿನಿಂದ ಕಂದು ಬಣ್ಣದ ಸಣ್ಣ ಸಣ್ಣ ಎಲೆಗಳು ಮೇಲೆ ತೇಲಿಬಂದವು. ಬೆರಳಿಗೆ ಹತ್ತಿಸಿಕೊಂಡು ನೋಡಿದರೆ ಗುಲ್‌ಮೊಹರ್ ಮರದ ಕಿರುಎಲೆಗಳು, ಒಂದೊಂದೂ ಜೀರಿಗೆಗಿಂತ ತುಸು ದೊಡ್ಡದು. ಭಾವನ ಮನೆಯ ಸುತ್ತ ಹಲಸು, ಮಾವು, ಸಂಪಿಗೆ ಎಲ್ಲ ಇವೆ, ಗುಲ್‌ಮೊಹರ್ ಇಲ್ಲ. ಅಂದರೆ ಈ ತಡೆ ಬೆಂಗಳೂರಿನದು. ಹಿಂದಿನ ಮಾಲೀಕರು ರಸ್ತೆ ಬದಿಯ ಗುಲ್‌ಮೊಹರ್ ನೆರಳಿನಲ್ಲಿ ವರ್ಷಗಟ್ಟಲೆ ಕಾರು ನಿಲ್ಲಿಸಿದ್ದಿರಬೇಕು. ನೆರಳಿಗೆಂದು ಮರ ಹುಡುಕುವವರು ದೊಡ್ಡ ಎಲೆಯ ಮರ ಹುಡುಕುವುದು ವಾಸಿ. ಹಲಸಿನ ಎಲೆ ಕಾಲುವೆಯೊಳಗೆ ಹೋಗುವುದೇ ಇಲ್ಲ. ಗುಲ್‌ಮೊಹರ್, ಹುಣಸೆ, ಮಳೆಮರಗಳ ಕಿರುಎಲೆ ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಅಷ್ಟಕ್ಕೇ ಕೊಳವೆ ಈ ಮಟ್ಟಿಗೆ ಕಟ್ಟಿಕೊಳ್ಳುವುದಿಲ್ಲ. ಎಲೆಚೂರು ನೀರಿನೊಂದಿಗೆ ಕೆಳಗೆ ಹೋಗಿ ಬಿದ್ದುಹೋಗಬೇಕು. ಕಾರಿನ ಮುಂಭಾಗವನ್ನು ಜ್ಯಾಕಿಗೆ ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರದ ಮರೆಯ ಪ್ಲಾಸ್ಟಿಕ್ ಹಾಳೆಯನ್ನು ಸ್ವಲ್ಪ ಸರಿಸಿದಾಗ ಕಾರಣ ಸಿಕ್ಕಿತು. ಕೊಳವೆಯ ಕೆಳತುದಿಗೆ ಒಂದು ರಬ್ಬರ್ ಬಾಯಿ ಇರುತ್ತದೆ. ತುಟಿಗಳಂತೆ ಕೂಡಿಕೊಂಡಿರುವ ಅದು ನೀರನ್ನು ಹೊರಬಿಡುತ್ತದೆ, ಧೂಳು ಮತ್ತು ಹುಳುಗಳನ್ನು ಒಳಗೆ ಬಿಡುವುದಿಲ್ಲ. ಆ ಬಾಯಿಯ ಮೇಲೆ ಕಪ್ಪು ಲೇಪ ಗಟ್ಟಿಯಾಗಿ ಕುಳಿತಿತ್ತು. ಕಾರಿನ ತಳಕ್ಕೆ ತುಕ್ಕು ಹಿಡಿಯದಿರಲಿ ಎಂದು ಸಿಂಪಡಿಸುತ್ತಾರಲ್ಲ, ಅದೇ. ಮಳೆನಾಡಿಗೆ ಆ ಲೇಪ ಒಳ್ಳೆಯದೇ. ಆದರೆ ಸಿಂಪಡಿಸುವವರು ನೀರು ಹೊರಬರುವ ಬಾಯಿಗಳಿಗೆ ಮೊದಲು ಟೇಪು ಅಂಟಿಸಬೇಕು. ಬಲಗಡೆ ಅಂಟಿಸಿದ್ದರೋ ಅದೃಷ್ಟವೋ, ಅದು ಉಳಿದಿತ್ತು.

ಲೇಪವನ್ನು ಉಗುರಿನಿಂದಲೇ ಕಿತ್ತು ರಬ್ಬರ್ ಬಾಯಿಯನ್ನು ಹಿಂಡಿದಾಗ ಕಪ್ಪು ಕೆಸರು ಹೊರಬಂತು. ಮೇಲಿನಿಂದ ತಳ್ಳಲು ಅಡಿಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರಕ್ಕೆ ಹಾಕುವ ನೈಲಾನ್ ದಾರ ಬಳಸಿದೆವು. ಅದು ಬಾಗುತ್ತದೆ, ಮುರಿಯುವುದಿಲ್ಲ. ತುದಿಯನ್ನು ಬೆಂಕಿಪೊಟ್ಟಣದ ಕಡ್ಡಿಯಿಂದ ಕರಗಿಸಿ ಉಂಡೆ ಮಾಡಿಕೊಳ್ಳಬೇಕು, ಚೂಪು ತುದಿ ಕೊಳವೆಯನ್ನು ಒಳಗೆ ಸೀಳಿಬಿಡಬಹುದು. ಕಬ್ಬಿಣದ ತಂತಿ ಬೇಡವೇ ಬೇಡ. ಟಯರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಊದಿಸುವುದೂ ಬೇಡ. ಕೊಳವೆ ಮೇಲ್ತುದಿಯಲ್ಲಿ ಬರೀ ಒತ್ತಿ ಕೂರಿಸಿದ್ದಷ್ಟೇ ಆಗಿರುತ್ತದೆ. ಗಾಳಿಯ ರಭಸಕ್ಕೆ ಅದು ಕಳಚಿಕೊಂಡರೆ ಛಾವಣಿಯ ಒಳಹೊದಿಕೆಯ ಮರೆಯಲ್ಲಿ ಯಾರಿಗೂ ಕಾಣುವುದಿಲ್ಲ, ಮುಂದಿನ ಮಳೆಗೆ ಎಲ್ಲ ನೀರೂ ನೇರ ತಲೆಯ ಮೇಲೆ. ಸೈಕಲ್ ಪಂಪಿನಿಂದ ಮೆಲ್ಲನೆ ಊದಿದರೆ ಸಾಕು. ಮತ್ತೆ ನೀರು ಹೊಯ್ದಾಗ ಎಡಗಡೆಯೂ ಬಲಗಡೆಯಷ್ಟೇ ಚುರುಕಾಗಿ ಹರಿಯಿತು.

ಇಲ್ಲಿಗೆ ಸೋರಿಕೆಯ ಅರ್ಧ ಒಗಟು ಬಿಡಿಸಿದಂತಾಯಿತು. ಮನೆಯ ಅಂಗಳ ರಸ್ತೆಯ ಕಡೆಗೆ ಇಳಿಜಾರು, ಕಾರು ನಿಲ್ಲುವುದು ಮೂತಿ ತಗ್ಗಾಗಿ, ಎಡಕ್ಕೆ ತುಸು ವಾಲಿ. ಬಲಗಡೆ ಹಿಂದೆ ಎದ್ದ ಮೂಲೆಯ ಸಂದಿಯಿಂದ ಒಳಬಂದ ನೀರು ಕಾಲುವೆಗುಂಟ ಹರಿದು ತಗ್ಗಾದ ಎಡಮೂಲೆಗೆ ಸೇರುತ್ತಿತ್ತು. ಅಲ್ಲಿ ದಾರಿ ಇಲ್ಲದೆ ಕಾಲುವೆ ತುಂಬಿ, ಒಳಹೊದಿಕೆಗೆ ಉಕ್ಕಿ, ಕಂಬದಗುಂಟ ಇಳಿಯುತ್ತಿತ್ತು. ಉಳಿದ ಪ್ರಶ್ನೆ ಮೂಲೆ ಯಾಕೆ ಎದ್ದಿತು ಎಂಬುದು.

ಹಳೆಯ ಸಿಲಿಕೋನ್

ಗಾಜಿನ ಅಂಚನ್ನು ಬೆಳಕಿಗೆ ಹಿಡಿದು ನೋಡಿದಾಗ ರಬ್ಬರಿನ ಮೇಲೆ ಪಾರದರ್ಶಕ ಪೊರೆಯ ತುಣುಕುಗಳು ಕಂಡವು. ಯಾರೋ ಹಿಂದೆಯೇ ಸಿಲಿಕೋನ್ ಬಳಿದಿದ್ದಾರೆ, ಅದನ್ನು ಯಾರೋ ಹರಿದಿದ್ದಾರೆ. ಭಾವನನ್ನು ಕೇಳಿದೆ.

“ಕಾರು ತಂದ ದಿನ ಗಾಜು ತೆರೆದು ನೋಡಿದಿರಾ?”

“ನಾನು ಮುಟ್ಟಿಲ್ಲ. ಸನ್‌ರೂಫ್ ಹೆಚ್ಚು ಬಳಸಿಲ್ಲ ಎಂದು ಮಾರಿದವರು ಹೇಳಿದ್ದರು. ಮನೆಗೆ ಬಂದ ಕೂಡಲೇ ನಿನ್ನ ಅಳಿಯ ಗುಂಡಿ ಒತ್ತಿದ.”

“ಏನಾದರೂ ಸದ್ದು ಬಂತೇ?”

“ಟಕ್ ಎಂದಿತು. ಆಮೇಲೆ ತೆರೆಯಿತಲ್ಲ, ಸರಿಯಾಗಿದೆ ಎಂದುಕೊಂಡೆ.”

ಅಳಿಯನ ತಪ್ಪಿಲ್ಲ. ಗುಂಡಿ ಇರುವುದೇ ಒತ್ತಲಿಕ್ಕೆ. ನಡೆದದ್ದು ಹೀಗಿರಬೇಕು. ಬೆಂಗಳೂರಿನಲ್ಲೇ ಕೊಳವೆ ಕಟ್ಟಿ ಕಾರು ಸೋರಲು ಶುರುವಾಯಿತು. ಕೊಳವೆ ನೋಡುವ ಬದಲು ಯಾರೋ ಗಾಜನ್ನು ಛಾವಣಿಗೆ ಅಂಟಿಸಿಬಿಟ್ಟರು. ಕಾಲುವೆಗೆ ನೀರೇ ಇಳಿಯದ ಕಾರಣ ಸೋರಿಕೆ ನಿಂತಂತೆ ತೋರಿತು. ಕಾರು ಮಾರಾಟವಾಯಿತು. ತೀರ್ಥಹಳ್ಳಿಯಲ್ಲಿ ಗುಂಡಿ ಒತ್ತಿದಾಗ ಮೋಟರು ಅಂಟಿಕೊಂಡ ಗಾಜನ್ನು ಎಳೆಯಿತು. ಎಡಗಡೆಯ ಅಂಟು ಮೊದಲು ಬಿಟ್ಟಿತು, ಬಲಗಡೆಯದು ಬಿಡಲಿಲ್ಲ. ಆ ‘ಟಕ್’ ಸದ್ದು ಬಲಗಡೆ ಏನೋ ಮುರಿದದ್ದು. ಮೊದಲು ಕಟ್ಟಿದ ಕೊಳವೆ, ಆಮೇಲೆ ಅದಕ್ಕೆ ಸಿಲಿಕೋನ್ ಮದ್ದು, ಆಮೇಲೆ ಆ ಮದ್ದಿನಿಂದಲೇ ಬಂದ ಸೊಟ್ಟ. ಈಗ ಸೊಟ್ಟಕ್ಕೂ ಅದೇ ಮದ್ದನ್ನು ಹೇಳುತ್ತಿದ್ದರು. ಅಡುಗೆಮನೆಯ ಸಿಂಕಿಗೆ ಬಳಿಯುವ ಅಗ್ಗದ ಸಿಲಿಕೋನಿಗೆ ಇನ್ನೊಂದು ಗುಣವಿದೆ. ಒಣಗುವಾಗ ವಿನಿಗರ್ ವಾಸನೆ ಬರುತ್ತದಲ್ಲ, ಅದು ಅಸಿಟಿಕ್ ಆಮ್ಲ. ಬಣ್ಣ ಕಿತ್ತ ತಗಡಿಗೆ ಅದು ತಾಗಿದರೆ ತುಕ್ಕಿಗೆ ಬಾಗಿಲು ತೆರೆದಂತೆ. ಇಷ್ಟಾದರೂ ನಮ್ಮಲ್ಲಿ ಸೋರುವುದೆಲ್ಲಕ್ಕೂ ಸಿಲಿಕೋನೇ ಸಂಜೀವಿನಿ.

ಅಂಟಿನ ಉಳಿಕೆಯನ್ನು ತೆಗೆಯುವುದೇ ಈ ಕೆಲಸದ ಅತಿ ಬೇಸರದ ಭಾಗ. ಗಟ್ಟಿಯಾದ ಸಿಲಿಕೋನನ್ನು ಕರಗಿಸುವ, ಬಣ್ಣಕ್ಕೂ ರಬ್ಬರಿಗೂ ತೊಂದರೆ ಕೊಡದ ದ್ರಾವಣ ಮನೆಯಲ್ಲಿ ಸಿಗುವುದಿಲ್ಲ. ಹಳೆಯ ಎಟಿಎಂ ಕಾರ್ಡನ್ನು ಓರೆಯಾಗಿ ಕತ್ತರಿಸಿಕೊಂಡು ಕೆರೆಯುವುದು, ಬೆರಳಿನಿಂದ ಉಜ್ಜಿ ಉಂಡೆ ಮಾಡಿ ಕೀಳುವುದು, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸುವುದು. ಬ್ಲೇಡು ಮುಟ್ಟಿಸಲಿಲ್ಲ. ರಬ್ಬರು ಒಂದು ಕಡೆಯೂ ಹರಿದಿರಲಿಲ್ಲ, ಹಾಗಾಗಿ ‘ರಬ್ಬರು ಹೋಗಿದೆ’ ಎಂಬ ತೀರ್ಪೂ ಅಲ್ಲಿಗೇ ಬಿದ್ದುಹೋಯಿತು.

ಬಲಗಡೆಯ ಶೂ

ಒಳಗಿನ ಯಂತ್ರ ಹೇಗಿದೆ ಎಂದು ತಿಳಿಯದೆ ಮೂಲೆಯನ್ನು ಸರಿಪಡಿಸಲಾಗದು. ಗಾಜಿನ ಎರಡೂ ಬದಿಗೆ ಎರಡು ಅಲ್ಯೂಮಿನಿಯಂ ಹಳಿಗಳಿವೆ. ಪ್ರತಿ ಹಳಿಯಲ್ಲಿ ಗಾಜನ್ನು ಎತ್ತಿ ಇಳಿಸುವ ಒಂದು ತೋಳು. ಆ ತೋಳನ್ನು ಹಳಿಯಲ್ಲಿ ಜಾರಿಸುವ ಸಣ್ಣ ಪ್ಲಾಸ್ಟಿಕ್ ತುಂಡಿಗೆ ಶೂ ಎನ್ನುತ್ತಾರೆ. ಎರಡೂ ತೋಳುಗಳಿಗೆ ಒಂದೊಂದು ಉಕ್ಕಿನ ಕೇಬಲ್, ಅದರ ಮೈಗೆ ಸುರುಳಿಯಾಗಿ ತಂತಿ ಸುತ್ತಿರುತ್ತಾರೆ. ಒಳದೀಪದ ಮೇಲ್ಗಡೆ ಕುಳಿತ ಮೋಟರಿನ ಒಂದೇ ಹಲ್ಲುಚಕ್ರ ಎರಡೂ ಕೇಬಲ್‌ಗಳ ನಡುವೆ ಕಚ್ಚಿಕೊಂಡಿರುತ್ತದೆ. ಚಕ್ರ ತಿರುಗಿದಾಗ ಅದರ ಒಂದು ಮಗ್ಗುಲಲ್ಲಿ ಒಂದು ಕೇಬಲ್, ಎದುರು ಮಗ್ಗುಲಲ್ಲಿ ಇನ್ನೊಂದು ಸರಿದು, ಎಡ ಬಲ ಎರಡೂ ತೋಳುಗಳು ಒಟ್ಟಿಗೆ ಮುಂದೆ ಅಥವಾ ಹಿಂದೆ ಹೋಗುತ್ತವೆ. ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಎರಡೂ ಸಮ ಹೆಜ್ಜೆ ಹಾಕಬೇಕು. ಒಂದು ಹಿಂದೆ ಬಿದ್ದರೂ ಗಾಜು ಸೊಟ್ಟ.

ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ ಹತ್ತು ನಿಮಿಷ ಬಿಟ್ಟೆವು. ಈ ಕಾರಿನಲ್ಲಿ ಛಾವಣಿಯ ಎರಡೂ ಅಂಚಿಗೆ ಪರದೆ ಏರ್‌ಬ್ಯಾಗ್‌ಗಳಿವೆ, ಅವುಗಳ ಹತ್ತಿರ ಕೈ ಹಾಕುವಾಗ ವಿದ್ಯುತ್ ಇರಬಾರದು. ಒಳಹೊದಿಕೆಯನ್ನು ಕೆಳಗಿಳಿಸಲೇಬೇಕಾದ ಕೆಲಸವಾಗಿದ್ದರೆ ನಾನು ಮನೆಯಲ್ಲಿ ಮಾಡುತ್ತಿರಲಿಲ್ಲ. ಈ ಮಾದರಿಯಲ್ಲಿ ಗಾಜು ತೆಗೆದರೆ ಹಳಿ ಮೇಲಿನಿಂದಲೇ ಕೈಗೆ ಸಿಗುತ್ತದೆ, ದೀಪದ ಜೋಡಣೆ ಬಿಚ್ಚಿದರೆ ಮೋಟರು ಸಿಗುತ್ತದೆ. ಎಲ್ಲ ಕಾರುಗಳೂ ಹೀಗಿಲ್ಲ.

ಗಾಜು ತೆಗೆಯಲು ಇಬ್ಬರು ಬೇಕು. ಅದರ ಹಿಂಬದಿಯನ್ನು ಮೇಲೆತ್ತಿದ ಸ್ಥಿತಿಯಲ್ಲಿ ಒಳಗಿನಿಂದ ಎರಡೂ ಬದಿಯ ರಬ್ಬರ್ ಮರೆಗಳನ್ನು ಕಿತ್ತರೆ ಸ್ಕ್ರೂಗಳು ಕಾಣುತ್ತವೆ, ಇಲ್ಲಿ ಬದಿಗೆ ಎರಡರಂತೆ ನಾಲ್ಕು. ಟಿ25 ಅಳತೆಯ ನಕ್ಷತ್ರ ತಲೆಯ ಬಿಟ್ ಬೇಕು; ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿ ತಿರುಚಿದರೆ ತಲೆ ಸವೆದು ಕೆಲಸ ಕೆಡುತ್ತದೆ. ಬಿಚ್ಚುವ ಮುನ್ನ ಪ್ರತಿ ಸ್ಕ್ರೂ ತನ್ನ ಉದ್ದ ತೂತಿನಲ್ಲಿ ಎಲ್ಲಿ ಕುಳಿತಿತ್ತು ಎಂದು ಮಾರ್ಕರಿನಿಂದ ಗೆರೆ ಎಳೆದು, ಫೋಟೋ ತೆಗೆದುಕೊಂಡೆವು. ಗಾಜನ್ನು ಮೇಲಿನಿಂದ ಎತ್ತಿ ಜಗಲಿಯ ಮೇಲೆ ಮಡಿಸಿ ಹಾಸಿದ ಕಂಬಳಿಯ ಮೇಲೆ ಮಲಗಿಸಿದೆವು. ಟೆಂಪರ್ ಮಾಡಿದ ಗಾಜು ನಡುವೆ ಎಷ್ಟು ಗಟ್ಟಿಯೋ ಅಂಚಿನಲ್ಲಿ ಅಷ್ಟೇ ನಾಜೂಕು. ಕಲ್ಲಿನ ಮೆಟ್ಟಿಲಿಗೆ ಅಂಚು ತಾಗಿದರೆ ಇಡೀ ಗಾಜು ಪುಡಿ.

ಬಲಗಡೆಯ ತೋಳು ಕಂಡ ಕೂಡಲೇ ಎಲ್ಲ ಸ್ಪಷ್ಟವಾಯಿತು. ಹಿಂದಿನ ಶೂ ಎರಡು ಹೋಳಾಗಿತ್ತು. ಒಂದು ಹೋಳು ತೋಳಿಗೆ ಅಂಟಿಕೊಂಡಿತ್ತು, ಇನ್ನೊಂದು ಹಳಿಯ ತೋಡಿನಲ್ಲಿ ಅಡ್ಡಬಿದ್ದಿತ್ತು. ಗಾಜು ಮುಚ್ಚುವಾಗ ತೋಳು ಆ ತುಂಡನ್ನು ಹತ್ತಿ ನಿಲ್ಲುತ್ತಿತ್ತು, ಮೂಲೆ ಕೆಳಗಿಳಿಯುತ್ತಿರಲಿಲ್ಲ. ಗಾಜು ತಾನಾಗಿ ತೆರೆದುಕೊಳ್ಳುವುದಕ್ಕೂ ಇದೇ ಕಾರಣ. ಮೋಟರಿನೊಳಗೆ ಸುತ್ತು ಎಣಿಸುವ ಸಂವೇದಕವಿದೆ. ಮುಚ್ಚುವಾಗ ನಿರೀಕ್ಷಿಸಿದ್ದಕ್ಕಿಂತ ಮೋಟರು ನಿಧಾನವಾದರೆ ಯಾರದ್ದೋ ಬೆರಳು ಸಿಕ್ಕಿದೆ ಎಂದು ತಿಳಿದು ಅದು ಗಾಜನ್ನು ಹಿಂದಕ್ಕೆ ತೆಗೆಯುತ್ತದೆ. ಇಲ್ಲಿ ಬೆರಳಿನ ಬದಲು ಸಿಕ್ಕಿದ್ದು ಮುರಿದ ಶೂ. ಮೋಟರಿನ ಬುದ್ಧಿ ಕೆಟ್ಟಿರಲಿಲ್ಲ, ಅದು ತನ್ನ ಕೆಲಸವನ್ನೇ ಮಾಡುತ್ತಿತ್ತು.

ಮೋಟರಿನ ಮೂರು ಸ್ಕ್ರೂ ಬಿಚ್ಚಿ ಹೊರತೆಗೆದಾಗ ಎರಡೂ ಕೇಬಲ್‌ಗಳು ಬಿಡುಗಡೆಯಾದವು. ತೋಳುಗಳನ್ನು ಈಗ ಕೈಯಿಂದಲೇ ಸರಿಸಬಹುದು. ಎಡಗಡೆಯ ತೋಳಿನಲ್ಲಿರುವ ಗುರುತಿನ ತೂತು ಹಳಿಯ ತೂತಿಗೆ ನೇರ ಕೂಡಿತ್ತು. ಬಲಗಡೆಯದು ಸುಮಾರು 5 ಮಿಲಿಮೀಟರ್ ಹಿಂದಿತ್ತು. ಶೂ ಮುರಿದು ಸಿಕ್ಕಿಕೊಂಡಾಗ ಬಲಗಡೆಯ ಕೇಬಲ್ ಚಕ್ರದ ಹಲ್ಲುಗಳನ್ನು ಹಾರಿ ಹಿಂದೆ ಉಳಿದಿದೆ. ಬರೀ ಶೂ ಬದಲಿಸಿ ಮುಚ್ಚಿದ್ದರೆ ಗಾಜು ಸೊಟ್ಟಗೇ ಉಳಿಯುತ್ತಿತ್ತು. ಕೇಬಲ್‌ಗಳನ್ನು ಉಗುರಿನಿಂದ ಉದ್ದಕ್ಕೂ ಸವರಿ ನೋಡಿದೆ. ಸುತ್ತಿದ ತಂತಿ ಒಂದು ಕಡೆ ತುಸು ಚಪ್ಪಟೆಯಾಗಿತ್ತೇ ಹೊರತು ಸಡಿಲವಾಗಿರಲಿಲ್ಲ. ಚಕ್ರದ ಹಲ್ಲುಗಳು ಚೆನ್ನಾಗಿದ್ದವು. ಇವೆರಡರಲ್ಲಿ ಒಂದು ಸವೆದಿದ್ದರೂ ಇಡೀ ಜೋಡಣೆ ಬದಲಿಸಿ ಎಂದವರ ಮಾತೇ ಸರಿಯಾಗುತ್ತಿತ್ತು.

ಶೂ ಬಿಡಿಯಾಗಿ ಅಧಿಕೃತ ಬಿಡಿಭಾಗದ ಪಟ್ಟಿಯಲ್ಲಿಲ್ಲ. ಆದರೆ ಇದೇ ತುಂಡು ಮುರಿಯುವುದು ಸಾಮಾನ್ಯವಾದ್ದರಿಂದ ಹೊರಗಿನವರು ಮಾಡಿದ ದುರಸ್ತಿ ಕಿಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಗಳಲ್ಲೂ ಮಾದರಿ ತೋರಿಸಿ ವಿಚಾರಿಸಬಹುದು. ಕಿಟ್ ಬರುವವರೆಗೆ ಗಾಜಿಲ್ಲದ ಛಾವಣಿಗೆ ಅಡಿಕೆ ಒಣಗಿಸುವ ಟಾರ್ಪಾಲು ಕಟ್ಟಿ ಕಾರನ್ನು ಕೊಟ್ಟಿಗೆಯೊಳಗೆ ನಿಲ್ಲಿಸಿದ್ದಾಯಿತು. ಆ ಬಿಡುವಿನಲ್ಲಿ ಕಾರ್ಪೆಟ್ ಎಬ್ಬಿಸಿ ಅದರಡಿಯ ಸ್ಪಂಜನ್ನು ಹಿಂಡಿ ಬಿಸಿಲಿಗೆ ಹಾಕಿದೆವು. ಮೇಲೆ ಒಣಗಿದಂತೆ ಕಂಡರೂ ಸ್ಪಂಜು ವಾರಗಟ್ಟಲೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಎಡಗಡೆ ಕಾಲಿಡುವ ಜಾಗದ ಪಕ್ಕದಲ್ಲೇ ತಂತಿಗಳ ಜೋಡಣೆ ಇತ್ತು. ಒಂದು ಕನೆಕ್ಟರಿನಲ್ಲಿ ಹಸಿರು ಕಿಲುಬು ಶುರುವಾಗಿತ್ತು, ಸ್ವಚ್ಛಗೊಳಿಸಿದೆವು. ಸೋರಿಕೆಯನ್ನು ಇನ್ನೊಂದು ಮಳೆಗಾಲ ಹಾಗೇ ಬಿಟ್ಟಿದ್ದರೆ ಖರ್ಚು ಸನ್‌ರೂಫಿಗೆ ನಿಲ್ಲುತ್ತಿರಲಿಲ್ಲ.

ಹಳಿಯಲ್ಲಿದ್ದ ಹಳೆಯ ಗ್ರೀಸು ಮರಳಿನೊಂದಿಗೆ ಬೆರೆತು ಕಪ್ಪಾಗಿತ್ತು. ಪೂರ್ತಿ ಒರೆಸಿ, ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸನ್ನು ತೆಳುವಾಗಿ ಸವರಿದೆ.

“ರಬ್ಬರಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚೋಣವೇ? ಮನೆಯದೇ ಇದೆ” ಎಂದರು ಭಾವ.

“ಬೇಡ ಭಾವ, ಆಗುಂಬೆಯ ಚಳಿಗೆ ಅದು ಹೆಪ್ಪುಗಟ್ಟಿ ಧೂಳು ಹಿಡಿಯುತ್ತದೆ.”

ಪೆಟ್ರೋಲಿಯಂ ಗ್ರೀಸೂ ಆಗದು. ಕಾರಿನ ಅಂಚುಗಳಿಗೆ ಬಳಸುವ ಇಪಿಡಿಎಂ ರಬ್ಬರು ಖನಿಜ ತೈಲ ಹೀರಿ ಉಬ್ಬುತ್ತದೆ. ಸಿಲಿಕೋನ್ ಆಧಾರಿತ ಗ್ರೀಸು ಚೂರೇ ಚೂರು ಸಾಕು. ಹೌದು, ಸಿಲಿಕೋನೇ. ಅಂಟಾಗಿ ಮಾಡಿದ ಕೇಡನ್ನು ಅದು ಗ್ರೀಸಾಗಿ ತುಸು ತೀರಿಸಲಿ.

ಹೊಸ ಶೂ ಕೂರಿಸಿದ ಮೇಲೆ ಎರಡೂ ತೋಳುಗಳನ್ನು ಮುಚ್ಚಿದ ಸ್ಥಾನಕ್ಕೆ ತಂದು, ಗುರುತಿನ ತೂತುಗಳು ಕೂಡಿದಾಗ ಒಂದೊಂದಕ್ಕೆ ಒಂದು ಡ್ರಿಲ್ ಬಿಟ್ಟಿನ ನುಣುಪು ಹಿಡಿಯನ್ನು ತೂರಿಸಿದೆವು. ಹೀಗೆ ಎರಡೂ ಬದಿ ಅಲುಗದಂತೆ ಬಂಧಿಯಾದ ಮೇಲೆ ಮೋಟರನ್ನು ಮತ್ತೆ ಕೂರಿಸಿ ಸ್ಕ್ರೂ ಬಿಗಿದು, ಬಿಟ್‌ಗಳನ್ನು ಹೊರತೆಗೆದೆವು. ಸಮ ಹೆಜ್ಜೆ ಮರಳಿ ಬರುವುದು ಈ ಹಂತದಲ್ಲಿ. ಇದಾದ ಮೇಲೆ ಗಾಜಿನ ಮಟ್ಟ ಹಿಡಿಯುವುದು. ಇದನ್ನು ಬಿಟ್ಟು ಗಾಜಿನ ಸ್ಕ್ರೂಗಳನ್ನಷ್ಟೇ ಏರಿಸಿ ಇಳಿಸಿದರೆ ಮುಚ್ಚಿದಾಗ ಸರಿಯಾಗಿ ಕಾಣುವ ಗಾಜು ಒಮ್ಮೆ ತೆರೆದು ಮುಚ್ಚುವುದರೊಳಗೆ ಮತ್ತೆ ಸೊಟ್ಟಗಾಗುತ್ತದೆ.

ಮಟ್ಟ ಹಿಡಿಯುವುದು

ಗಾಜನ್ನು ಇಟ್ಟು ನಾಲ್ಕೂ ಸ್ಕ್ರೂಗಳನ್ನು ಬೆರಳಿನಲ್ಲಿ ತಿರುಗುವಷ್ಟೇ ಬಿಗಿದು ಮುಚ್ಚಿದ ಸ್ಥಿತಿಯಲ್ಲಿ ಬಿಟ್ಟೆವು. ಮೊದಲು ನೋಡಬೇಕಾದದ್ದು ಎತ್ತರವಲ್ಲ, ಸುತ್ತಲಿನ ಸಂದಿ. ಒಂದೇ ದಪ್ಪದ ರಟ್ಟಿನ ಪಟ್ಟಿಗಳನ್ನು ಎಡ ಬಲ ಎರಡೂ ಸಂದಿಗೆ ತೂರಿಸಿದರೆ ಗಾಜು ತಾನಾಗಿ ನಡುವೆ ನಿಲ್ಲುತ್ತದೆ. ಆಮೇಲೆ ಎತ್ತರ. ಗಾಜು ಛಾವಣಿಯೊಂದಿಗೆ ಪೂರ್ತಿ ಸಮತಟ್ಟಾಗಿರಬೇಕು ಎಂದು ಕಣ್ಣು ಹೇಳುತ್ತದೆ, ಗಾಳಿ ಒಪ್ಪುವುದಿಲ್ಲ. ಗಾಜಿನ ಮುಂದಿನ ಅಂಚು ಛಾವಣಿಯ ಮಟ್ಟಕ್ಕೆ ಸರಿಯಾಗಿ ಅಥವಾ ಹೆಚ್ಚೆಂದರೆ 1 ಮಿಲಿಮೀಟರ್ ಕೆಳಗಿರಬೇಕು. ಹಿಂದಿನ ಅಂಚು ಸಮವಾಗಿ ಅಥವಾ ಹೆಚ್ಚೆಂದರೆ 1 ಮಿಲಿಮೀಟರ್ ಮೇಲಿರಬೇಕು. ಬಹುತೇಕ ಕಂಪನಿಗಳ ಅಳತೆ ಇದರ ಆಸುಪಾಸಿನಲ್ಲೇ ಇರುತ್ತದೆ. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಇದ್ದರೆ ಅದೇ ಸರಿ. ಮುಂದಿನ ಅಂಚು ಎದ್ದಿದ್ದರೆ ಎದುರಿನಿಂದ ಬರುವ ಗಾಳಿ ಅದಕ್ಕೆ ಬಡಿದು ಸಿಳ್ಳೆಯಾಗುತ್ತದೆ, ಮಳೆಯ ನೀರನ್ನೂ ಸಂದಿಯೊಳಗೆ ತಳ್ಳುತ್ತದೆ. ಹಿಂದಿನ ಅಂಚು ತಗ್ಗಾಗಿದ್ದರೆ ಗಾಜಿನ ಮೇಲೆ ಹರಿದು ಬಂದ ಗಾಳಿ ಛಾವಣಿಯ ತಗಡಿಗೆ ಢಿಕ್ಕಿ ಹೊಡೆಯುತ್ತದೆ.

ಅಳೆಯಲು ಉದ್ದ ಪಟ್ಟಿ ಬೇಡ. ಛಾವಣಿ ಕಮಾನಿನಂತೆ ಬಾಗಿರುವುದರಿಂದ ಉದ್ದ ಪಟ್ಟಿ ಅದರ ಮೇಲೆ ತೊನೆದಾಡುತ್ತದೆ, ಎಲ್ಲಿ ಒತ್ತಿದರೆ ಅಲ್ಲಿ ಸುಳ್ಳು ಹೇಳುತ್ತದೆ. 15 ಸೆಂಟಿಮೀಟರ್ ಉಕ್ಕಿನ ಸ್ಕೇಲನ್ನು ಸಂದಿಗೆ ಅಡ್ಡಲಾಗಿ ಇಟ್ಟು, ಎದ್ದ ಕಡೆ ಅದರಡಿಗೆ ಫೀಲರ್ ಗೇಜಿನ (ಸಂದಿ ಅಳೆಯುವ ತೆಳು ಉಕ್ಕಿನ ಪಟ್ಟಿಗಳ ಕಟ್ಟು) ಎಲೆ ತೂರಿಸಿ ನೋಡುವುದು ಸರಿಯಾದ ದಾರಿ. ಮೊದಲು ಮುಂದಿನ ಎರಡು ಮೂಲೆಗಳನ್ನು ಹಿಡಿದೆವು. ಒಬ್ಬರು ಮೇಲೆ ಸ್ಕೇಲು ಇಟ್ಟುಕೊಂಡು ‘ಇನ್ನು ಸ್ವಲ್ಪ ಇಳಿಸು’ ಎನ್ನುವುದು, ಇನ್ನೊಬ್ಬರು ಒಳಗೆ ಕುಳಿತು ಅಂಗೈಯಿಂದ ಗಾಜನ್ನು ಅಷ್ಟೇ ಅಷ್ಟು ಎತ್ತಿ ಇಳಿಸಿ ಸ್ಕ್ರೂ ಕಚ್ಚಿಸುವುದು. ಮುಂದಿನದನ್ನು ಬಿಗಿದ ಮೇಲೆ ಹಿಂದಿನದು. ಹಿಂದಿನದನ್ನು ಬಿಗಿದಾಗ ಮುಂದಿನದು ಕೂದಲೆಳೆಯಷ್ಟು ಬದಲಾಗುತ್ತದೆ, ಮತ್ತೆ ಮುಂದಕ್ಕೆ ಬರಬೇಕು. ತಾಳ್ಮೆಯಿಲ್ಲದವರು ಈ ಹಂತದಲ್ಲಿ ‘ಇಷ್ಟು ಸಾಕು’ ಎಂದು ಎದ್ದುಬಿಡುತ್ತಾರೆ, ಸಿಳ್ಳೆ ಉಳಿಯುವುದು ಅದಕ್ಕೇ. ಕೊನೆಯ ಬಿಗಿತ ಕರ್ಣರೇಖೆಯಲ್ಲಿ, ಮುಂದೆ ಎಡ, ಹಿಂದೆ ಬಲ ಎಂಬಂತೆ. ಹೆಚ್ಚು ಬಿಗಿಯುವುದು ಬೇಡ. ಇಂಥ ಸ್ಕ್ರೂಗಳಿಗೆ 4ರಿಂದ 5 ನ್ಯೂಟನ್ ಮೀಟರ್ ಸಾಮಾನ್ಯ, ಅಂದರೆ ಮಣಿಕಟ್ಟಿನ ಬಲ, ತೋಳಿನದಲ್ಲ.

ಬ್ಯಾಟರಿ ಜೋಡಿಸಿದ ಮೇಲೆ ಮೋಟರಿಗೆ ತನ್ನ ಜಾಗವನ್ನು ಹೊಸದಾಗಿ ಕಲಿಸಬೇಕು. ಅದರ ಹಳೆಯ ಎಣಿಕೆ ಸೊಟ್ಟ ಗಾಜಿನದು. ಈ ಕಾರಿನಲ್ಲಿ ಮುಚ್ಚುವ ಗುಂಡಿಯನ್ನು ಒತ್ತಿ ಹಿಡಿದಾಗ ಗಾಜು ಒಮ್ಮೆ ಅಲುಗಿ ನಿಲ್ಲುತ್ತದೆ. ಬಿಟ್ಟು, ಕೂಡಲೇ ಮತ್ತೆ ಒತ್ತಿ ಹಿಡಿದರೆ ತಾನೇ ಮೇಲೆದ್ದು, ಪೂರ್ತಿ ತೆರೆದು, ಪೂರ್ತಿ ಮುಚ್ಚಿಕೊಳ್ಳುತ್ತದೆ. ನಡುವೆ ಗುಂಡಿಯಿಂದ ಬೆರಳು ತೆಗೆದರೆ ಮೊದಲಿನಿಂದ ಶುರು. ಕ್ರಮ ಕಾರಿನಿಂದ ಕಾರಿಗೆ ಬೇರೆ. ಮೋಟರು ಕಲಿಯುತ್ತಿರುವಾಗ ಬೆರಳು ಸಿಕ್ಕರೆ ಗಾಜು ಹಿಂದೆ ಸರಿಯುತ್ತದೆಂದು ನಂಬುವಂತಿಲ್ಲ, ಆದ್ದರಿಂದ ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಕಲಿತ ಮೇಲೆ ಪರೀಕ್ಷೆಗೆ ಮುಂದಿನ ಅಂಚಿಗೆ ಬಾಳೆದಿಂಡಿನ ತುಂಡು ಹಿಡಿದು ಗಾಜು ಮುಚ್ಚಿಸಿದೆವು. ದಿಂಡಿನ ಮೇಲೆ ತೆಳ್ಳಗೆ ಒಂದು ಗೆರೆ ಮೂಡಿತು, ಗಾಜು ಹಿಂದೆ ಸರಿಯಿತು.

ಹಲವು ಸಲ ತೆರೆದು ಮುಚ್ಚಿ ಮತ್ತೆ ಅಳತೆ ನೋಡಿದಾಗ ಬಲಗಡೆಯ ಹಿಂದಿನ ಮೂಲೆ ತುಸು ಏರಿತ್ತು. ಹೊಸ ಶೂ ತನ್ನ ಜಾಗದಲ್ಲಿ ಕೂರುವಾಗ ಹೀಗಾಗುವುದುಂಟು, ಅದೊಂದನ್ನೇ ಸಡಿಲಿಸಿ ಮತ್ತೆ ಹಿಡಿದೆವು. ಕೊನೆಯದಾಗಿ ದಿನಪತ್ರಿಕೆಯ ಉದ್ದ ಪಟ್ಟಿ ಕತ್ತರಿಸಿ ರಬ್ಬರಿನ ಸಂದಿಯಲ್ಲಿ ಇಟ್ಟು, ಗಾಜು ಮುಚ್ಚಿ, ಸುತ್ತ ಒಂದೊಂದು ಗೇಣಿಗೆ ಎಳೆದು ನೋಡುವುದು. ಎಲ್ಲ ಕಡೆ ಒಂದೇ ಬಿಗಿತದಲ್ಲಿ ಪಟ್ಟಿ ಜಾರಬೇಕು. ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಮುಟ್ಟುತ್ತಿಲ್ಲ, ಹರಿದುಹೋದರೆ ಅಲ್ಲಿ ಜಜ್ಜುತ್ತಿದೆ.

ನೀರು, ಗಾಳಿ, ಘಾಟಿ

ನೀರಿನ ಪರೀಕ್ಷೆಗೆ ತೋಟದ ಸ್ಪ್ರಿಂಕ್ಲರ್ ಹಾಕಿದೆವು. ಕಾರು ತೊಳೆಯುವ ಒತ್ತಡದ ಪಂಪನ್ನು ಗಾಜಿನ ಅಂಚಿಗೆ ಹಿಡಿದರೆ ಹೊಸ ಕಾರೂ ಸೋಲುತ್ತದೆ, ಅದು ಪರೀಕ್ಷೆಯಲ್ಲ. ಎಡಗಡೆಯ ಕಂಬದ ಒಳಹೊದಿಕೆಯ ಅಂಚಿಗೆ ಟಿಶ್ಯೂ ಕಾಗದ ಸಿಕ್ಕಿಸಿಟ್ಟೆವು. ಒಂದೇ ಹನಿ ಬಂದರೂ ಅದರಲ್ಲಿ ಕಲೆ ಮೂಡುತ್ತದೆ. ಮೂಡಲಿಲ್ಲ. ನಾಲ್ಕು ಕೊಳವೆಗಳಿಂದಲೂ ನೀರು ಬೀಳುವುದನ್ನು ಭಾವ ನಾಲ್ಕೂ ಕಡೆ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡರು.

ರಸ್ತೆಯ ಪರೀಕ್ಷೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ. ನೇರ ಭಾಗದಲ್ಲಿ ಎಂಬತ್ತರವರೆಗೂ ಸಿಳ್ಳೆ ಇಲ್ಲ. ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಒಂದು ಚಕ್ರ ಏರಿ ಇನ್ನೊಂದು ಇಳಿದು ಕಾರಿನ ಮೈ ಚೂರು ತಿರುಚಿಕೊಳ್ಳುತ್ತದೆ; ಗಾಜು ಎಲ್ಲಾದರೂ ಬಿಗಿಯಾಗಿ ಒತ್ತಿಕೊಂಡಿದ್ದರೆ ಅಲ್ಲಿ ಕಿರುಗುಟ್ಟುತ್ತದೆ. ಇಳಿಯುವಾಗ ಒಂದು ತಿರುವಿನಲ್ಲಿ ಸದ್ದು ಕೇಳಿ ಇಬ್ಬರೂ ಕಿವಿಗೊಟ್ಟೆವು. ಹಿಂದಿನ ಸೀಟಿನಲ್ಲಿದ್ದ ನೀರಿನ ಬಾಟಲಿ.

ಮೃಗಶಿರಾ ಮಳೆಗೆ ಮುಂಚೆ ಕೆಲಸ ಮುಗಿಯಿತು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಕಡೆಗೆ ಭಾವ ಈ ಮಳೆಗಾಲದಲ್ಲಿ ಕಾರು ಓಡಿಸುತ್ತಲೇ ಇದ್ದಾರೆ, ಒಳಗೆ ಹನಿ ಬಿದ್ದಿಲ್ಲ. ಒಟ್ಟು ಖರ್ಚು ಕಿಟ್, ಗ್ರೀಸು, ಬಿಟ್, ಆಲ್ಕೋಹಾಲು ಸೇರಿ ಆ ಇಡೀ ಜೋಡಣೆಗೆ ಕೇಳಿದ ಬೆಲೆಯ ಹತ್ತರಲ್ಲೊಂದು ಭಾಗಕ್ಕಿಂತ ಕಡಿಮೆ; ನಮ್ಮ ಕೂಲಿ ಲೆಕ್ಕಕ್ಕಿಲ್ಲ.

ಎಲ್ಲ ಸನ್‌ರೂಫಿಗೂ ಇದೇ ದಾರಿ ಎನ್ನಲಾರೆ. ಕಾರು ಅಪಘಾತಕ್ಕೆ ಸಿಕ್ಕಿ ಛಾವಣಿಯ ಚೌಕಟ್ಟೇ ಬಾಗಿದ್ದರೆ ಗಾಜಿನ ಮಟ್ಟ ಹಿಡಿಯುವುದರಲ್ಲಿ ಹುರುಳಿಲ್ಲ. ಎರಡು ಗಾಜಿನ ಪ್ಯಾನರಾಮಿಕ್ ಛಾವಣಿಯಾದರೆ, ಕೇಬಲ್ ಬದಲಿಸಲು ಒಳಹೊದಿಕೆ ಇಳಿಸಲೇಬೇಕಾದ ಮಾದರಿಯಾದರೆ, ಏರ್‌ಬ್ಯಾಗ್‌ಗಳ ಕಾರಣಕ್ಕಾದರೂ ತಿಳಿದವರಿಗೆ ಕೊಡುವುದು ಲೇಸು. ವಾರಂಟಿ ಇನ್ನೂ ಇದ್ದರೆ ಮುಟ್ಟಲೇಬಾರದು. ಕೊಳವೆಗೆ ನೀರು ಹೊಯ್ದು ನೋಡುವುದನ್ನಂತೂ ಯಾರು ಬೇಕಾದರೂ ಮಾಡಬಹುದು, ಸಿಲಿಕೋನ್ ಟ್ಯೂಬು ತರುವ ಮೊದಲು ಮಾಡಲೇಬೇಕು.

ಸರಿಹೋಗದೆ ಉಳಿದದ್ದು ಒಂದೇ, ಒಳದೀಪದ ಪಕ್ಕ ಒಳಹೊದಿಕೆಯ ಮೇಲಿನ ಕಂದು ಕಲೆ. ಒದ್ದೆ ಬಟ್ಟೆಯಿಂದ ಒರೆಸಿದಷ್ಟೂ ಅದರ ಅಂಚು ಹರಡುವುದನ್ನು ಕಂಡು ಹಾಗೇ ಬಿಟ್ಟೆವು. ಕಿಟ್ಟಿನಲ್ಲಿ ಎಡಗಡೆಯ ಶೂ ಕೂಡ ಇತ್ತು. ಹಳೆಯದು ಸವೆಯದೆ ಗಟ್ಟಿಯಾಗಿದ್ದ ಕಾರಣ ಬದಲಿಸಲಿಲ್ಲ. ಹೊಸದು ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಟಿ25 ಬಿಟ್ ಜೊತೆ ಇದೆ.